ರಾತ್ರಿ ಪಾಸ್, ಮಧ್ಯಾಹ್ನ ಫೇಲ್: ವಿಜಯಪುರದ ಬಿಸಿಲು ಮತ್ತು ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರ್

ಪ್ರಶ್ನೆ: ನಾನು ವಿಜಯಪುರದವನು. ಅಣ್ಣನ ಸ್ಟುಡಿಯೋಗೆ ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಕಂಪ್ಯೂಟರ್ ಇರುವುದು ಮನೆಯ ಮೇಲಿನ ಕೋಣೆಯಲ್ಲಿ. ರೈಜೆನ್ 5 5600 ಪ್ರೊಸೆಸರ್, ಅದರ ಜೊತೆ ಬಂದ ಫ್ಯಾನ್, ನಾಲ್ಕು ಸ್ಲಾಟಿನ ಬಿ450 ಮದರ್‌ಬೋರ್ಡ್. ಮೊದಲು 8 ಜಿಬಿಯ ಎರಡು 3200 ರ‍್ಯಾಮ್ ಇದ್ದವು. ದೀಪಾವಳಿಗೆ ಬೇರೆ ಕಂಪನಿಯ 8 ಜಿಬಿಯ ಎರಡು 3600 ರ‍್ಯಾಮ್ ಸೇರಿಸಿದೆ. ಎಕ್ಸ್‌ಎಂಪಿ ಎಂಬ ವೇಗದ ಸೆಟಿಂಗ್ ಆನ್ ಮಾಡಿ ನಾಲ್ಕನ್ನೂ 3600ಕ್ಕೆ ಇಟ್ಟೆ. ಒಂದು ವಿಡಿಯೋ ನೋಡಿ ಪ್ರೊಸೆಸರಿನ ಎಲ್ಲ ಕೋರ್‌ಗಳನ್ನು 1.375 ವೋಲ್ಟ್‌ನಲ್ಲಿ 4.6 ಗಿಗಾಹರ್ಟ್ಸ್‌ಗೆ ಏರಿಸಿದೆ. ಚಳಿಗಾಲದಲ್ಲಿ ಚೆನ್ನಾಗಿತ್ತು. ಈಗ ಮಧ್ಯಾಹ್ನ ರೆಂಡರ್‌ಗೆ (ಎಡಿಟ್ ಆದದ್ದನ್ನು ಅಂತಿಮ ವಿಡಿಯೋ ಮಾಡಲು) ಹಾಕಿದರೆ ನೀಲಿ ಪರದೆ ಬರುತ್ತದೆ, ಪ್ರತಿ ಸಲ ಬೇರೆ ಬೇರೆ ಹೆಸರಿನ ಎರರ್. ರಾತ್ರಿ ಸಿನೆಬೆಂಚ್ ಎಂಬ ಪ್ರೊಸೆಸರ್ ಪರೀಕ್ಷೆ ಓಡಿಸಿದರೆ ಪಾಸ್ ಆಗುತ್ತದೆ. ಬೆಳಗ್ಗೆ ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಮೂರನೇ ಸಲಕ್ಕೆ ಆನ್ ಆಗುತ್ತದೆ. ಹೋದ ವಾರ ಒಂದು ಜಿಪ್ ಫೈಲ್ ತೆರೆಯಲಿಲ್ಲ. ಒಂದು ವಿಡಿಯೋದಲ್ಲಿ ನಡುವೆ ಹಸಿರು ಚೌಕಗಳು ಬಂದವು. ಕೆಲವು ಸಲ ನೀಲಿ ಪರದೆಯೂ ಇಲ್ಲದೆ ಸುಮ್ನೆ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಅಂಗಡಿಯವರು ಮದರ್‌ಬೋರ್ಡ್ ಬದಲಿಸಿ ಅಂದರು. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಮದರ್‌ಬೋರ್ಡ್ ಕೊಳ್ಳಬೇಡಿ. ನೀವು ಬರೆದಿದ್ದರಲ್ಲಿ ಬೋರ್ಡ್ ಹೋಗಿದೆ ಎಂದು ತೋರಿಸುವ ಲಕ್ಷಣ ಒಂದೂ ಇಲ್ಲ. ನನಗೆ ಕಾಣುವುದು ಮೂರ್ನಾಲ್ಕು ಬೇರೆ ಬೇರೆ ತೊಂದರೆಗಳು ಒಂದರ ಮೇಲೊಂದು ಕೂತಿರುವುದು. ರ‍್ಯಾಮ್ ಒಂದು ಕಡೆ ತಪ್ಪು ಮಾಡುತ್ತಿದೆ, ಪ್ರೊಸೆಸರ್ ಇನ್ನೊಂದು ಕಡೆ. ಅದಕ್ಕೇ ದಿನಕ್ಕೊಂದು ಹೆಸರಿನ ಎರರ್ ಬರುತ್ತಿದೆ. ಎರಡನ್ನೂ ಒಟ್ಟಿಗೆ ಏರಿಸಿ, ಒಟ್ಟಿಗೆ ಪರೀಕ್ಷೆ ಮಾಡಿದರೆ ಯಾವುದರದು ತಪ್ಪು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಬಿಡಿಸಿ ನೋಡೋಣ.

ಅದಕ್ಕೂ ಮೊದಲು ಒಂದು ತುರ್ತಿನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಆತಂಕ ತಂದದ್ದು ನೀಲಿ ಪರದೆ ಅಲ್ಲ, ತೆರೆಯದ ಜಿಪ್ ಫೈಲ್. ನೀಲಿ ಪರದೆ ಬಂದರೆ ಕಂಪ್ಯೂಟರ್ ತನ್ನ ತಪ್ಪನ್ನು ತಾನೇ ಕಂಡುಹಿಡಿದು ನಿಂತಿತು ಎಂದರ್ಥ. ಕೆಟ್ಟ ಫೈಲ್ ಹಾಗಲ್ಲ. ತಪ್ಪು ಆಗಿದೆ, ಯಾರಿಗೂ ಗೊತ್ತಾಗಿಲ್ಲ, ಅದೇ ತಪ್ಪು ಡಿಸ್ಕಿನಲ್ಲಿ ಬರೆದು ಹೋಗಿದೆ. ನೀವು ಒಂದು ಫೋಲ್ಡರನ್ನು ಇಲ್ಲಿಂದ ಅಲ್ಲಿಗೆ ಕಾಪಿ ಮಾಡುವಾಗ ಅದರ ಪ್ರತಿ ಬೈಟ್ ರ‍್ಯಾಮ್ ಮೂಲಕವೇ ಹಾದು ಹೋಗುತ್ತದೆ. ದಾರಿಯಲ್ಲಿ ಒಂದು ಬಿಟ್ ತಿರುಗಿದರೆ ಸಾಕು. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೀಕ್ ಎಂಬಲ್ಲಿ ಚುನಾವಣೆ ಯಂತ್ರವೊಂದು ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚಿಗೆ ತೋರಿಸಿತ್ತು. 4096 ಅಂದರೆ ಹನ್ನೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿದ ಸಂಖ್ಯೆ. ಮೆಮೊರಿಯಲ್ಲಿ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ತಿರುಗಿದರೆ ಆಗುವ ವ್ಯತ್ಯಾಸ ಅದು.

ಇದರ ನೋವು ನನಗೆ ಗೊತ್ತು. ಹಲವು ವರ್ಷಗಳ ಹಿಂದೆ ನನ್ನ ಕಂಪ್ಯೂಟರಿನ ರ‍್ಯಾಮ್ ವೇಗ ಏರಿಸಿದ್ದೆ. ಒಂದು ತಾಸು ಪರೀಕ್ಷೆ ಮಾಡಿದೆ, ಪಾಸ್ ಆಯಿತು, ಬಿಟ್ಟುಬಿಟ್ಟೆ. ಎರಡು ತಿಂಗಳು ಒಂದು ಸಲವೂ ಹ್ಯಾಂಗ್ ಆಗಲಿಲ್ಲ. ಆ ನಡುವೆ ಹಳೆ ಡಿಸ್ಕಿನಲ್ಲಿದ್ದ ಮನೆಯ ಫೋಟೋಗಳನ್ನೆಲ್ಲ ಹೊಸ ಡಿಸ್ಕಿಗೆ ಹಾಕಿ, ಹಳೆಯದನ್ನು ಫಾರ್ಮ್ಯಾಟ್ ಮಾಡಿದೆ. ಆಮೇಲೊಂದು ದಿನ ಅಜ್ಜಿಯ ಫೋಟೋ ತೆರೆದರೆ ಮುಖದ ಕೆಳಗೆ ಎಲ್ಲ ಬೂದು ಬಣ್ಣ. ಅಂಥವು ಇನ್ನೂ ಹಲವು ಇದ್ದವು. ಅವು ಮತ್ತೆ ಸಿಗಲಿಲ್ಲ. ನಿಮ್ಮ ಕೈಯಲ್ಲಿರುವುದು ಬೇರೆಯವರ ಮನೆಯ ಮದುವೆ. ಅಕ್ಷತೆ ಬೀಳುವ ಆ ಕ್ಷಣವನ್ನು ಮತ್ತೆ ಶೂಟ್ ಮಾಡಲು ಆಗುವುದಿಲ್ಲ.

ಆದ್ದರಿಂದ ಇವತ್ತೇ ಮಾಡಬೇಕಾದ್ದು ಇಷ್ಟು. ಕಂಪ್ಯೂಟರ್ ಆನ್ ಮಾಡಿ ಡಿಲೀಟ್ ಕೀ ಒತ್ತುತ್ತ ಬಯಾಸ್ (ಬೋರ್ಡಿನ ಮೂಲ ಸೆಟಿಂಗ್ ಪರದೆ) ಒಳಗೆ ಹೋಗಿ. 'ಲೋಡ್ ಆಪ್ಟಿಮೈಸ್ಡ್ ಡೀಫಾಲ್ಟ್ಸ್' ಎಂಬುದನ್ನು ಆರಿಸಿ ಸೇವ್ ಮಾಡಿ. ರ‍್ಯಾಮ್, ಪ್ರೊಸೆಸರ್ ಎರಡೂ ಕಂಪನಿಯ ಮೂಲ ಲೆಕ್ಕಕ್ಕೆ ಮರಳುತ್ತವೆ. ರ‍್ಯಾಮ್ ವೇಗ 2133, 2400 ಅಥವಾ 2666 ಎಂದು ತೋರಿಸಬಹುದು, ಗಾಬರಿಯಾಗಬೇಡಿ. ಇದಾದ ಮೇಲೆಯೇ ಬ್ಯಾಕಪ್ ತೆಗೆಯಿರಿ. ಓವರ್‌ಕ್ಲಾಕ್ (ಕಂಪನಿಯ ಲೆಕ್ಕಕ್ಕಿಂತ ಏರಿಸಿದ ವೇಗ) ಇದ್ದಾಗ ಅವಸರದಲ್ಲಿ ಬ್ಯಾಕಪ್ ತೆಗೆಯುವುದು ಬೇಡ. ಆಗ ಕೆಟ್ಟದ್ದೇ ಎರಡು ಕಡೆ ಉಳಿಯುತ್ತದೆ.

ಬಯಾಸ್ ಪರದೆಯೇ ಬರದಿದ್ದರೆ ಪ್ಲಗ್ ತೆಗೆದು, ಬೋರ್ಡ್ ಮೇಲಿರುವ ಸಿಆರ್2032 ಗುಂಡಿ ಸೆಲ್ಲನ್ನು ಐದು ನಿಮಿಷ ಹೊರಗಿಟ್ಟು ಮತ್ತೆ ಹಾಕಿ. ಅದೇ ಕೆಲಸ ಆಗುತ್ತದೆ.

ಈಗ ಎರಡು ಮೂರು ದಿನ ಇದೇ ಸ್ಥಿತಿಯಲ್ಲಿ, ಮಧ್ಯಾಹ್ನವೇ, ಅದೇ ಕೋಣೆಯಲ್ಲಿ ಕೆಲಸ ಮಾಡಿ. ನೀಲಿ ಪರದೆ ನಿಂತರೆ ಭಾಗಗಳು ಸರಿ ಇವೆ, ನಾವು ಹಾಕಿದ ಭಾರ ಜಾಸ್ತಿಯಾಗಿತ್ತು ಅಂತ. ನಿಲ್ಲದಿದ್ದರೆ ಯಾವುದೋ ಭಾಗ ನಿಜವಾಗಿಯೂ ಕೆಟ್ಟಿದೆ. ಈ ಒಂದು ಪರೀಕ್ಷೆ ಮಾಡದೆ ಬೋರ್ಡ್ ಬದಲಿಸಿ ಎಂದು ಹೇಳುವುದು ನ್ಯಾಯವಲ್ಲ.

ಇನ್ನೊಂದು ಸುಲಭದ ಉಪಾಯ ಹೇಳುತ್ತೇನೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಕಮಾಂಡ್ ಇದೆ. ಅದರ ಹ್ಯಾಷ್‌ಫೈಲ್ ಆಯ್ಕೆ ಬಳಸಿದರೆ ಒಂದು ಫೈಲಿನ ಪೂರ್ತಿ ಲೆಕ್ಕ ಹಾಕಿ ಒಂದು ಉದ್ದದ ಸಂಖ್ಯೆ ಕೊಡುತ್ತದೆ. ಫೈಲಿನ ಹೆಬ್ಬೆಟ್ಟಿನ ಗುರುತು ಎನ್ನಿ. ನಿಮ್ಮ 32 ಜಿಬಿ ರ‍್ಯಾಮ್‌ಗಿಂತ ದೊಡ್ಡದಾದ ಒಂದು ವಿಡಿಯೋ ಫೈಲ್ ಮೇಲೆ ಅದನ್ನು ಎರಡು ಸಲ ಓಡಿಸಿ. ಫೈಲ್ ಅದೇ, ಉತ್ತರವೂ ಅದೇ ಬರಬೇಕು. ಬೇರೆ ಬಂದರೆ ಕಂಪ್ಯೂಟರ್ ಓದುವಾಗಲೇ ತಪ್ಪುತ್ತಿದೆ. ಫೈಲ್ ಸಣ್ಣದಿದ್ದರೆ ವಿಂಡೋಸ್ ಎರಡನೇ ಸಲ ಅದನ್ನು ರ‍್ಯಾಮ್‌ನಲ್ಲಿಟ್ಟ ಪ್ರತಿಯಿಂದಲೇ ಓದಿಬಿಡುತ್ತದೆ. ಅದಕ್ಕೇ ದೊಡ್ಡದು ಬೇಕು.

ಇನ್ನು ರ‍್ಯಾಮ್ ವಿಷಯ. ನಿಮ್ಮ ತೊಂದರೆಯ ದೊಡ್ಡ ಪಾಲು ಇಲ್ಲೇ ಇದೆ ಎಂದು ನನ್ನ ಅನಿಸಿಕೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

3200, 3600 ಎಂದು ಡಬ್ಬಿಯ ಮೇಲೆ ಬರೆದಿರುವುದು ಸೆಕೆಂಡಿಗೆ ಎಷ್ಟು ಮಿಲಿಯನ್ ಸಲ ಡೇಟಾ ಸಾಗುತ್ತದೆ ಎಂಬ ಲೆಕ್ಕ. ಡಿಡಿಆರ್4ಗೆ ಎಲ್ಲ ಕಂಪನಿಗಳೂ ಒಪ್ಪಿದ ಮಾನದಂಡ 1.2 ವೋಲ್ಟ್‌ನಲ್ಲಿ 3200ರವರೆಗೆ ಇದೆ. ಎಕ್ಸ್‌ಎಂಪಿ ಎಂಬುದು ರ‍್ಯಾಮ್ ತಯಾರಿಸಿದವರು ಅದರೊಳಗೆ ಬರೆದಿಟ್ಟ ಓವರ್‌ಕ್ಲಾಕ್ ಪಟ್ಟಿ, ಸಾಮಾನ್ಯವಾಗಿ 1.35 ವೋಲ್ಟ್‌ನದು. ಒಂದೇ ಸ್ವಿಚ್ ಒತ್ತಿದರೆ ಆನ್ ಆಗುವುದರಿಂದ ಅದು ಓವರ್‌ಕ್ಲಾಕ್ ಅಂತ ಎಷ್ಟೋ ಜನರಿಗೆ ಅನಿಸುವುದೇ ಇಲ್ಲ. ಆ ಪಟ್ಟಿಯನ್ನು ಪರೀಕ್ಷೆ ಮಾಡಿರುವುದು ಆ ಡಬ್ಬಿಯಲ್ಲಿ ಬಂದ ಜೋಡಿಯ ಮೇಲೆ ಮಾತ್ರ. ನೀವು 3600 ರ‍್ಯಾಮ್‌ನ ಪಟ್ಟಿಯನ್ನು ಆರಿಸಿದಿರಿ. ಬೋರ್ಡ್ ಅದನ್ನೇ ನಾಲ್ಕಕ್ಕೂ ಹಚ್ಚಿತು. ನಿಮ್ಮ ಹಳೆಯ ಜೋಡಿ 3200ಕ್ಕೆ ಮಾತ್ರ ಮಾತು ಕೊಟ್ಟಿತ್ತು. ಪಾಪ, ಅದನ್ನು 3600ಕ್ಕೆ ಓಡಿಸುತ್ತಿದ್ದೀರಿ.

ಪ್ರೊಸೆಸರ್ ಕಡೆಯಿಂದಲೂ ಒಂದು ಮಿತಿ ಇದೆ. ರೈಜೆನ್ 5000 ಸಾಲಿಗೆ ಎಎಂಡಿ ಕೊಟ್ಟಿರುವ ಲೆಕ್ಕದಲ್ಲಿ ಎರಡು ರ‍್ಯಾಮ್ ಹಾಕಿದರೆ 3200. ನಾಲ್ಕು ಸ್ಲಾಟೂ ತುಂಬಿದರೆ, ಸಿಂಗಲ್ ರ‍್ಯಾಂಕ್ ರ‍್ಯಾಮ್ ಆದರೆ 2933, ಡ್ಯುಯಲ್ ರ‍್ಯಾಂಕ್ ಆದರೆ 2667. ರ‍್ಯಾಂಕ್ ಎಂದರೆ ಒಂದು ರ‍್ಯಾಮ್ ಮೇಲೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಒಂದು ಗುಂಪು. ಅದಕ್ಕಿಂತ ಮೇಲೆ ಹೋದರೆ ಬರಬಹುದು, ಬರದೆಯೂ ಇರಬಹುದು. ನಾಲ್ಕರಲ್ಲಿ 3600 ಎಂದರೆ ಎಎಂಡಿ ಹೇಳಿದ ಮಿತಿಗಿಂತ ಬಹಳ ದೂರ ಬಂದಿದ್ದೀರಿ.

ನಾಲ್ಕು ಹಾಕಿದರೆ ಯಾಕೆ ಕಷ್ಟ? ಗೋಲಗುಂಬಜದ ಪಿಸುಗುಟ್ಟುವ ಗ್ಯಾಲರಿಗೆ ನೀವು ಹೋಗಿಯೇ ಇರುತ್ತೀರಿ. ಬೆಳಗ್ಗೆ ಬೇಗ, ಯಾರೂ ಇಲ್ಲದಾಗ ಹೋದರೆ ಒಂದು ಕಡೆ ಮೆಲ್ಲಗೆ ಆಡಿದ ಮಾತು ಎದುರಿನ ಗೋಡೆಯ ಹತ್ತಿರ ಸ್ಪಷ್ಟವಾಗಿ ಕೇಳುತ್ತದೆ. ಶಾಲೆಯ ಪ್ರವಾಸದ ಮಕ್ಕಳು ಬಂದ ಮೇಲೆ ಹೋಗಿ. ಒಬ್ಬನ ಕೂಗಿನ ಪ್ರತಿಧ್ವನಿ ಮುಗಿಯುವ ಮೊದಲೇ ಇನ್ನೊಬ್ಬ ಕೂಗುತ್ತಾನೆ, ಪಕ್ಕದಲ್ಲಿ ನಿಂತವರ ಮಾತೂ ತಿಳಿಯುವುದಿಲ್ಲ. ಮದರ್‌ಬೋರ್ಡ್ ಮೇಲಿನ ತಾಮ್ರದ ಗೆರೆಗಳಲ್ಲೂ ಹೀಗೇ ಆಗುತ್ತದೆ. ಸಿಗ್ನಲ್ ಒಂದು ತುದಿಗೆ ಹೋಗಿ ಬಡಿದು ಸ್ವಲ್ಪ ವಾಪಸ್ ಬರುತ್ತದೆ. ನಾಲ್ಕೂ ಸ್ಲಾಟು ತುಂಬಿದಾಗ ಒಂದೇ ಗೆರೆಯ ಮೇಲೆ ಎರಡು ರ‍್ಯಾಮ್ ಕೂರುತ್ತವೆ, ಪ್ರತಿಧ್ವನಿ ಜಾಸ್ತಿ. ನಿಧಾನಕ್ಕೆ ಮಾತಾಡಿದರೆ ಪ್ರತಿಧ್ವನಿ ಅಡಗಲು ಸಮಯ ಸಿಗುತ್ತದೆ. 3600ರಲ್ಲಿ ಸಿಗುವುದಿಲ್ಲ. ಎರಡೇ ರ‍್ಯಾಮ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿ ಹಾಕಿ ಎಂದು ಹೇಳುವುದೂ ಇದಕ್ಕೇ. ಅವು ಗೆರೆಯ ಕೊನೆಯ ಸ್ಲಾಟುಗಳು. ಕೊನೆಯ ಸ್ಲಾಟು ಖಾಲಿ ಉಳಿದರೆ ಆ ಖಾಲಿ ತುಂಡೇ ಪ್ರತಿಧ್ವನಿ ಹುಟ್ಟಿಸುತ್ತದೆ.

ಬೆಳಗಿನ ಕಪ್ಪು ಪರದೆಗೂ ಉತ್ತರ ಇಲ್ಲೇ ಇದೆ. ಕಂಪ್ಯೂಟರ್ ಆನ್ ಆದಾಗ ಬೋರ್ಡ್ ಮೊದಲು ರ‍್ಯಾಮ್ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತದೆ. ಯಾವ ಕ್ಷಣಕ್ಕೆ ಸಿಗ್ನಲ್ ಕಳಿಸಬೇಕು, ಯಾವ ಕ್ಷಣಕ್ಕೆ ಕೇಳಿಸಿಕೊಳ್ಳಬೇಕು ಎಂದು ಅಳೆದು ನೋಡುತ್ತದೆ. ಇದನ್ನು ಮೆಮೊರಿ ಟ್ರೇನಿಂಗ್ ಅನ್ನುತ್ತಾರೆ. ಹೊಂದಾಣಿಕೆ ಅಂಚಿನಲ್ಲಿದ್ದರೆ ಒಂದು ಸಲ ಆಗುವುದಿಲ್ಲ, ಇನ್ನೊಂದು ಸಲ ಹೇಗೋ ಆಗಿಬಿಡುತ್ತದೆ. ಮೂರನೇ ಸಲಕ್ಕೆ ಆನ್ ಆಯಿತು ಎಂದು ನಾವು ಕೆಲಸ ಶುರು ಮಾಡುತ್ತೇವೆ, ಅಲ್ವಾ? ಆದರೆ ಹಾಗೆ ಹೇಗೋ ಆದ ಹೊಂದಾಣಿಕೆಯ ಮೇಲೆಯೇ ಆ ದಿನದ ಎಲ್ಲ ಫೈಲುಗಳೂ ಓಡಾಡುತ್ತವೆ.

ಇದರ ಮೇಲೆ ಬಿಸಿಲು. ರ‍್ಯಾಮ್ ಒಳಗೆ ಪ್ರತಿ ಬಿಟ್‌ಗೂ ಒಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ಅದು ಒಸರುವ ಮಣ್ಣಿನ ಗಡಿಗೆಯ ಹಾಗೆ. ತುಂಬಿಟ್ಟದ್ದು ಮೆಲ್ಲಗೆ ಸೋರಿ ಹೋಗುತ್ತದೆ. ಅದಕ್ಕೇ 64 ಮಿಲಿಸೆಕೆಂಡಿಗೆ ಒಂದು ಸಲವಾದರೂ ಪ್ರತಿಯೊಂದನ್ನೂ ಓದಿ ಮತ್ತೆ ತುಂಬಬೇಕು. ಬಿಸಿ ಏರಿದಷ್ಟೂ ಸೋರಿಕೆ ಜೋರು. ಟಿಆರ್‌ಎಫ್‌ಸಿ, ಟಿಆರ್‌ಇಎಫ್‌ಐ ಎಂಬ ಎರಡು ಲೆಕ್ಕಗಳು ಈ ಮರುತುಂಬಿಸುವ ಕೆಲಸಕ್ಕೆ ಸೇರಿದವು. ನೀವು ನೋಡಿದ ವಿಡಿಯೋದಲ್ಲಿ ಇವುಗಳನ್ನು ಬದಲಿಸಿ ಎಂದು ಹೇಳಿದ್ದರೆ ತಕ್ಷಣ ಆಟೋಗೆ ಮರಳಿಸಿ. ತಂಪು ಕೋಣೆಯಲ್ಲಿ ಸರಿಯಾಗಿ ನಡೆದದ್ದು ನಮ್ಮ ಏಪ್ರಿಲ್‌ನಲ್ಲಿ ನಡೆಯುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಪ್ರೊಸೆಸರನ್ನು ಮುಟ್ಟಬೇಡಿ, ಡೀಫಾಲ್ಟ್‌ನಲ್ಲೇ ಇರಲಿ. ಪೆನ್‌ಡ್ರೈವ್‌ಗೆ ಮೆಮ್‌ಟೆಸ್ಟ್86 ಹಾಕಿಕೊಳ್ಳಿ, ಉಚಿತ ಆವೃತ್ತಿ ಸಾಕು. ಮೊದಲು ಹಳೆಯ ಜೋಡಿಯನ್ನು ಮಾತ್ರ ಎರಡು ಮತ್ತು ನಾಲ್ಕನೇ ಸ್ಲಾಟಿನಲ್ಲಿ ಹಾಕಿ, ಎಕ್ಸ್‌ಎಂಪಿ ಇಲ್ಲದೆ ನಾಲ್ಕು ಸುತ್ತು ಓಡಿಸಿ. ಮೂರ್ನಾಲ್ಕು ತಾಸು ಹಿಡಿಯಬಹುದು. ಆಮೇಲೆ ಅದನ್ನು ತೆಗೆದು ಹೊಸ ಜೋಡಿ. ಡೀಫಾಲ್ಟ್‌ನಲ್ಲೇ ತಪ್ಪು ತೋರಿಸಿದ ಜೋಡಿಯಲ್ಲಿ ಒಂದೊಂದನ್ನೇ ಹಾಕಿ ನೋಡಿ. ಕೆಟ್ಟದ್ದು ಯಾವುದು ಎಂದು ಗೊತ್ತಾಗುತ್ತದೆ. ಅದು ವಾರಂಟಿಗೆ ಹೋಗಬೇಕಾದ ರ‍್ಯಾಮ್. ಕೆಲವು ಕಂಪನಿಗಳು ರ‍್ಯಾಮ್‌ಗೆ ಬಹಳ ವರ್ಷ ವಾರಂಟಿ ಕೊಡುತ್ತವೆ, ಬಿಲ್ ಹುಡುಕಿಟ್ಟುಕೊಳ್ಳಿ. ಡೀಫಾಲ್ಟ್‌ನಲ್ಲಿ ಪಾಸ್ ಆದರೆ ಅದರದೇ ಎಕ್ಸ್‌ಎಂಪಿ ಹಾಕಿ ಮತ್ತೆ ಓಡಿಸಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ನಾಲ್ಕು ತಾಸಿನಲ್ಲಿ ಒಂದೇ ಒಂದು ತಪ್ಪು ಬಂತು, ಪರವಾಗಿಲ್ಲ ಬಿಡಿ ಎಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಬಿಡಬೇಡಿ. ಒಂದು ತಪ್ಪು ಬಂದರೂ ಆ ಸೆಟಿಂಗ್ ಫೇಲ್. ಆ ಒಂದು ಬಿಟ್ ಎಲ್ಲಿ ಬೀಳುತ್ತದೆ ಎಂದು ಮೊದಲೇ ಹೇಳಲು ಆಗುವುದಿಲ್ಲ.

ಮೆಮ್‌ಟೆಸ್ಟ್ ಪಾಸ್ ಆದ ಮೇಲೂ ವಿಂಡೋಸ್ ಒಳಗೆ ಟೆಸ್ಟ್‌ಮೆಮ್5 ಎಂಬ ಪುಟ್ಟ ಪ್ರೋಗ್ರಾಂ ಓಡಿಸಿ. ಅದು ರ‍್ಯಾಮನ್ನು ಇನ್ನೂ ಹೆಚ್ಚು ದುಡಿಸುತ್ತದೆ. ಇದನ್ನು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ನೀವು ಕೆಲಸ ಮಾಡುವಾಗ ಬಾಗಿಲು ಕಿಟಕಿ ಹೇಗಿರುತ್ತವೋ ಹಾಗೇ ಇಟ್ಟು ಮಾಡಿ. ರಾತ್ರಿ ಪಾಸ್ ಆಗಿದ್ದು ರಾತ್ರಿಗೆ ಮಾತ್ರ ಲೆಕ್ಕ.

ಎರಡೂ ಜೋಡಿ ಬೇರೆ ಬೇರೆಯಾಗಿ ಪಾಸ್ ಆದರೆ ನಾಲ್ಕನ್ನೂ ಹಾಕಿ. ಒಂದು ಜೋಡಿ ಎರಡು-ನಾಲ್ಕರಲ್ಲಿ, ಇನ್ನೊಂದು ಒಂದು-ಮೂರರಲ್ಲಿ. ಎಕ್ಸ್‌ಎಂಪಿ ಬಿಟ್ಟುಬಿಡಿ. ರ‍್ಯಾಮ್ ವೇಗವನ್ನು ಕೈಯಿಂದಲೇ 2666ಕ್ಕೆ ಇಟ್ಟು ಶುರು ಮಾಡಿ, ಆಮೇಲೆ 2933, ಅದೂ ಪಾಸ್ ಆದರೆ 3200. ರ‍್ಯಾಮ್ ವೋಲ್ಟೇಜ್ 1.35 ಇರಲಿ. ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್ ಒಳಗೆ ರ‍್ಯಾಮ್ ನೋಡಿಕೊಳ್ಳುವ ಭಾಗದ್ದು) 1.1 ಇಡಿ, ನಿಮ್ಮ ಕೆಲಸಕ್ಕೆ 1.15 ದಾಟಿಸುವ ಅಗತ್ಯ ಇಲ್ಲ. ರ‍್ಯಾಮ್‌ಗೆ ಆದೇಶ ಕಳಿಸುವ ವೇಗ ತಗ್ಗಿಸುವ ಗಿಯರ್ ಡೌನ್ ಮೋಡ್ ಆನ್ ಇರಲಿ. ಎಫ್‌ಸಿಎಲ್‌ಕೆ, ಅಂದರೆ ಪ್ರೊಸೆಸರಿನ ಭಾಗಗಳನ್ನು ಜೋಡಿಸುವ ಒಳದಾರಿಯ ವೇಗ, ರ‍್ಯಾಮ್ ವೇಗದ ಅರ್ಧ ಇರಬೇಕು. 3200ಕ್ಕೆ 1600, 3600ಕ್ಕೆ 1800. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿಯೊಂದನ್ನೂ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಸಮಯ, ಕೋಣೆಯ ಬಿಸಿಯ ಜೊತೆ ಬರೆಯಿರಿ. ನೆನಪಿನಲ್ಲಿಟ್ಟುಕೊಳ್ಳುತ್ತೇನೆ ಅಂದರೆ ಮೂರನೇ ದಿನಕ್ಕೆ ಎಲ್ಲ ಕಲಸಿ ಹೋಗುತ್ತದೆ.

ನನ್ನ ಸಲಹೆ ಕೇಳುವುದಾದರೆ, ನಾಲ್ಕೂ ರ‍್ಯಾಮ್ 2933ರಲ್ಲಿ ತಪ್ಪಿಲ್ಲದೆ ನಡೆದರೆ ಅಲ್ಲಿಗೇ ನಿಲ್ಲಿಸಿ. ಮದುವೆ ವಿಡಿಯೋ ಎಡಿಟಿಂಗ್‌ಗೆ 32 ಜಿಬಿ ಇರುವುದು ಮುಖ್ಯ, 3600 ಇರುವುದಲ್ಲ. ಟೈಮ್‌ಲೈನ್ ದೊಡ್ಡದಾಗಿ ರ‍್ಯಾಮ್ ತುಂಬಿದರೆ ಕೆಲಸ ತೆವಳುತ್ತದೆ. ವೇಗ ಸ್ವಲ್ಪ ಕಡಿಮೆಯಾದರೆ ನಿಮಗೆ ಗೊತ್ತೂ ಆಗುವುದಿಲ್ಲ. ಮುಂದೆ ಎಂದಾದರೂ ದುಡ್ಡು ಹಾಕುವುದಿದ್ದರೆ ಈ ನಾಲ್ಕನ್ನೂ ಮಾರಿ, ಒಂದೇ ಡಬ್ಬಿಯಲ್ಲಿ ಬರುವ 16 ಜಿಬಿಯ ಎರಡು ಕೊಳ್ಳಿ.

ಈಗ ಪ್ರೊಸೆಸರ್. ರೈಜೆನ್ 5 5600 ಕಂಪನಿಯಿಂದಲೇ 4.4 ಗಿಗಾಹರ್ಟ್ಸ್‌ವರೆಗೆ ತಾನಾಗಿ ಏರುತ್ತದೆ. ಎಷ್ಟು ಬಿಸಿ ಇದೆ, ಎಷ್ಟು ಕೆಲಸ ಇದೆ ಎಂದು ಕ್ಷಣಕ್ಷಣವೂ ನೋಡಿ ವೇಗ, ವೋಲ್ಟೇಜ್ ಎರಡನ್ನೂ ಹೊಂದಿಸಿಕೊಳ್ಳುತ್ತದೆ. ನೀವು 4.6 ಮತ್ತು 1.375 ಎಂದು ಬರೆದಾಗ ಆ ವ್ಯವಸ್ಥೆಯನ್ನೇ ಬದಿಗೆ ಸರಿಸಿದಿರಿ. ಮಧ್ಯಾಹ್ನದ ಸುಡುಬಿಸಿಲಲ್ಲೂ ಅದೇ ವೇಗ, ಅದೇ ವೋಲ್ಟೇಜ್.

ಲೆಕ್ಕ ನೋಡಿ. ಪ್ರೊಸೆಸರ್ ತಿನ್ನುವ ಕರೆಂಟು ವೇಗಕ್ಕೆ ತಕ್ಕಂತೆ ಏರುತ್ತದೆ. ಆದರೆ ವೋಲ್ಟೇಜ್‌ಗೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಉದಾಹರಣೆಗೆ 1.25 ವೋಲ್ಟ್‌ನಿಂದ 1.375ಕ್ಕೆ ಹೋದರೆ ಹತ್ತು ಪರ್ಸೆಂಟ್ ಏರಿಕೆ. ಆದರೆ ಬಿಸಿ ಏರುವುದು 21 ಪರ್ಸೆಂಟ್. 4.4ರಿಂದ 4.6ಕ್ಕೆ ಹೋದದ್ದೂ ಸೇರಿಸಿದರೆ 26 ಪರ್ಸೆಂಟ್ ದಾಟುತ್ತದೆ. ವೇಗದಲ್ಲಿ ಸಿಕ್ಕಿದ್ದು ಸುಮಾರು ನಾಲ್ಕೂವರೆ ಪರ್ಸೆಂಟ್. ಒಂದು ತಾಸಿನ ರೆಂಡರ್‌ನಲ್ಲಿ ಉಳಿಯುವುದು ಮೂರು ನಿಮಿಷದಷ್ಟು. ಐವತ್ತನೇ ನಿಮಿಷಕ್ಕೆ ನೀಲಿ ಪರದೆ ಬಂದರೆ ಆ ಐವತ್ತು ನಿಮಿಷವೂ ಹೋಯಿತು.

ಡಬ್ಬಿಯಲ್ಲಿ ಬಂದ ಪುಟ್ಟ ಕೂಲರ್ 65 ವ್ಯಾಟ್ ದರ್ಜೆಯ ಪ್ರೊಸೆಸರ್‌ಗೆ ಎಂದು ಕೊಟ್ಟದ್ದು. ಕೋಣೆ 25 ಡಿಗ್ರಿ ಇದ್ದಾಗ ಪ್ರೊಸೆಸರ್ 78 ಡಿಗ್ರಿಯಲ್ಲಿ ನಿಂತಿದ್ದರೆ, ಕೋಣೆ 40 ಆದಾಗ ಅದೇ ಕೆಲಸಕ್ಕೆ ಸುಮಾರು 93 ಆಗಬೇಕು. ಫ್ಯಾನ್ ಕೋಣೆಯ ಗಾಳಿಯನ್ನೇ ತಾನೇ ಊದುವುದು? 5600ಕ್ಕೆ ಎಎಂಡಿ ಇಟ್ಟಿರುವ ಮಿತಿ 90 ಡಿಗ್ರಿ. ಇನ್ನೊಂದು ವಿಷಯ, ಬಿಸಿಯಾದ ಚಿಪ್‌ಗೆ ಅದೇ ವೇಗದಲ್ಲಿ ತಪ್ಪಿಲ್ಲದೆ ನಡೆಯಲು ಸ್ವಲ್ಪ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. 75 ಡಿಗ್ರಿಯಲ್ಲಿ ಸಾಲುತ್ತಿದ್ದದ್ದು 90ರಲ್ಲಿ ಸಾಲುವುದಿಲ್ಲ. ರಾತ್ರಿ ಹತ್ತು ನಿಮಿಷದ ಸಿನೆಬೆಂಚ್ ಪಾಸ್ ಆಗಿ ಮಧ್ಯಾಹ್ನದ ರೆಂಡರ್ ಬೀಳುವುದಕ್ಕೆ ಇದೇ ಕಾರಣ.

ಆದ್ದರಿಂದ 4.6ರ ಆಸೆ ಬಿಡಿ. ಆದರೂ ಸ್ವಲ್ಪ ಲಾಭ ಬೇಕೆಂದರೆ ಬೇರೆ ದಾರಿ ಇದೆ. ನಿಮ್ಮ ಬೋರ್ಡಿನ ಬಯಾಸ್‌ನಲ್ಲಿ ಪಿಬಿಒ (ಎಎಂಡಿಯ ವೇಗ ಹೊಂದಿಸುವ ವಿಭಾಗ) ಒಳಗೆ ಕರ್ವ್ ಆಪ್ಟಿಮೈಸರ್ ಇದ್ದರೆ ಎಲ್ಲ ಕೋರ್‌ಗೂ ಮೈನಸ್ 10 ಹಾಕಿ. ವೋಲ್ಟೇಜ್ ಸ್ವಲ್ಪ ತಗ್ಗುತ್ತದೆ, ಬಿಸಿ ತಗ್ಗುತ್ತದೆ, ಅದರಿಂದ ಪ್ರೊಸೆಸರ್ ತಾನೇ ಸ್ವಲ್ಪ ಜಾಸ್ತಿ ಹೊತ್ತು ಮೇಲಿನ ವೇಗದಲ್ಲಿ ಉಳಿಯುತ್ತದೆ. ನಮ್ಮ ಊರಿನ ಬೇಸಿಗೆಗೆ ಇದು ಹೇಳಿ ಮಾಡಿಸಿದ ದಾರಿ. ಆದರೆ ಇದರ ತಪ್ಪು ಭಾರೀ ಕೆಲಸದಲ್ಲಿ ಕಾಣಿಸುವುದು ಕಡಿಮೆ. ಸುಮ್ನೆ ಬ್ರೌಸರ್ ತೆರೆದು ಕೂತಾಗ, ಒಂದೇ ಕೋರ್ ತುತ್ತತುದಿಗೆ ಏರಿದಾಗ ರೀಸ್ಟಾರ್ಟ್ ಆಗಿಬಿಡುತ್ತದೆ. ಕೋರ್‌ಸೈಕ್ಲರ್ ಎಂಬ ಉಪಕರಣ ಒಂದೊಂದೇ ಕೋರನ್ನು ಸರದಿಯಲ್ಲಿ ಪರೀಕ್ಷಿಸುತ್ತದೆ. ರಾತ್ರಿಯಿಡೀ ಓಡಲು ಬಿಡಿ. ಬಿದ್ದ ಕೋರ್‌ಗೆ ಮಾತ್ರ ಮೈನಸ್ 5 ಅಥವಾ ಸೊನ್ನೆ ಮಾಡಿ.

ಎರರ್ ಹೆಸರುಗಳೂ ಸ್ವಲ್ಪ ದಾರಿ ತೋರಿಸುತ್ತವೆ. 'ಮೆಮೊರಿ ಮ್ಯಾನೇಜ್‌ಮೆಂಟ್', 'ಪೇಜ್ ಫಾಲ್ಟ್', 'ಐಆರ್‌ಕ್ಯೂಎಲ್' ಎಂದು ಬಂದರೆ ಮೊದಲ ಅನುಮಾನ ರ‍್ಯಾಮ್ ಮೇಲೆ, ಕೆಟ್ಟ ಡ್ರೈವರ್‌ನಿಂದಲೂ ಬರಬಹುದು. 'ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್', 'ವ್ಹಿಯಾ ಅನ್‌ಕರೆಕ್ಟಬಲ್' ಎಂದು ಬಂದರೆ ಪ್ರೊಸೆಸರ್ ಮೇಲೆ. ವ್ಹಿಯಾ ಎಂದರೆ ವಿಂಡೋಸ್‌ನ ಹಾರ್ಡ್‌ವೇರ್ ಎರರ್ ವರದಿ. ಎರರ್‌ಗಳನ್ನು ವಿಂಡೋಸ್ ಬರೆದಿಡುವ ಈವೆಂಟ್ ವ್ಯೂವರ್‌ನ ಸಿಸ್ಟಮ್ ವಿಭಾಗದಲ್ಲಿ ವ್ಹಿಯಾ ಲಾಗರ್ 18 ಎಂದಿದ್ದರೆ ಸಾಮಾನ್ಯವಾಗಿ ಕೋರ್‌ಗೆ ವೋಲ್ಟೇಜ್ ಸಾಲುತ್ತಿಲ್ಲ. 19 ಎಂದು ಸಾಲುಸಾಲಾಗಿ ಇದ್ದರೆ ಎಫ್‌ಸಿಎಲ್‌ಕೆ ಜಾಸ್ತಿಯಾಗಿರುವ ಸಾಧ್ಯತೆ ಹೆಚ್ಚು. ಕರ್ನಲ್ ಪವರ್ 41 ನೋಡಿ ಪವರ್ ಸಪ್ಲೈ ಹೋಗಿದೆ ಎಂದು ಹಲವರು ತೀರ್ಮಾನಿಸುತ್ತಾರೆ. ಅದು ಹೇಳುವುದು ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದನ್ನು ಮಾತ್ರ.

ನೀಲಿ ಪರದೆ ಇಲ್ಲದೆ ರೀಸ್ಟಾರ್ಟ್ ಆಗುತ್ತದೆ ಅಂದಿರಲ್ಲ, ಆ ಹೊತ್ತಿಗೆ ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಂಡಿತ್ತೇ ಎಂದು ಗಮನಿಸಿ. ಕಂಪ್ಯೂಟರಿನ ಪವರ್ ಸಪ್ಲೈ ಕರೆಂಟು ಇಲ್ಲದೆ ತಡೆದುಕೊಳ್ಳುವುದು ಸುಮಾರು 15 ಮಿಲಿಸೆಕೆಂಡು. ಮನೆಯ ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದನ್ನು ಆರಿಸಿ. ಅದು ಬೇಗ ಬದಲಾಗುತ್ತದೆ. ಇಲ್ಲವಾದರೆ ಒಂದು ಪುಟ್ಟ ಯುಪಿಎಸ್ ಬೇಕೇ ಬೇಕು. ಇದಕ್ಕೂ ಓವರ್‌ಕ್ಲಾಕ್‌ಗೂ ಸಂಬಂಧವಿಲ್ಲ.

ಕೋಣೆಯ ಬಗ್ಗೆ ಎರಡು ಮಾತು. ಹಳೆಯ ಮಾಳಿಗೆ ಮನೆಯಾಗಿದ್ದರೆ ದಪ್ಪ ಗೋಡೆ, ಮಣ್ಣಿನ ಮೇಲ್ಛಾವಣಿ ಬಿಸಿಲನ್ನು ತಡೆಯುತ್ತಿತ್ತು. ಸ್ಲ್ಯಾಬ್ ಕೆಳಗಿನ ಮೇಲಿನ ಕೋಣೆ ಸಂಜೆಯಾದರೂ ಕಾದಿರುತ್ತದೆ. ಆಗುವುದಾದರೆ ಮೇ ಮುಗಿಯುವವರೆಗೆ ಕಂಪ್ಯೂಟರನ್ನು ಕೆಳಗಿನ ಮನೆಗೆ ತನ್ನಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಯಾವ ಬಯಾಸ್ ಸೆಟಿಂಗ್‌ಗಿಂತ ಇದರ ಲಾಭ ಜಾಸ್ತಿ. ಏರ್ ಕೂಲರ್ ಇದ್ದರೆ ಅದರ ಗಾಳಿ ನೇರವಾಗಿ ಸಿಪಿಯು ಡಬ್ಬಿಗೆ ಹೊಡೆಯದಿರಲಿ. ಬೋರಿನ ಗಡಸು ನೀರಿನ ಹನಿ ಒಣಗಿದರೆ ಉಪ್ಪು ಕೂರುತ್ತದೆ. ಡಬ್ಬಿ ಬಿಚ್ಚಿ ಧೂಳು ತೆಗೆಯಿರಿ. ಜೋಳದ ರಾಶಿಯ ಕಾಲದಲ್ಲಿ ಹಾರುವ ಸಣ್ಣ ಹೊಟ್ಟು ಕೂಲರಿನ ಅಲ್ಯೂಮಿನಿಯಂ ಎಲೆಗಳ ನಡುವೆ ಚಾಪೆಯ ಹಾಗೆ ಕೂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ. ಕೂಲರ್ ತೆಗೆದರೆ ಹೊಸ ಥರ್ಮಲ್ ಪೇಸ್ಟ್ ಹಾಕಲೇಬೇಕು.

ಬಯಾಸ್ ಅಪ್‌ಡೇಟ್ ಮಾಡಿದರೆ ರ‍್ಯಾಮ್ ಹೊಂದಾಣಿಕೆ ಸುಧಾರಿಸುವುದುಂಟು, ಮಾಡಿ. ಆದರೆ ಎಲ್ಲ ಡೀಫಾಲ್ಟ್‌ನಲ್ಲಿರುವಾಗ, ಯುಪಿಎಸ್ ಮೇಲೆ ಮಾತ್ರ. ತಪ್ಪು ಮಾಡುವ ರ‍್ಯಾಮ್ ಮೂಲಕ ಬಯಾಸ್ ಬರೆಯಲು ಹೋದರೆ ಅಂಗಡಿಯವರು ಹೇಳಿದ ಮಾತು ಆಗ ನಿಜವಾಗಿಬಿಡಬಹುದು.

ಎಲ್ಲ ಪರೀಕ್ಷೆ ಪಾಸ್ ಆದ ಮೇಲೆ ವಿಂಡೋಸ್‌ನ ಫೈಲುಗಳನ್ನೂ ನೋಡಬೇಕು, ಇಷ್ಟು ದಿನದಲ್ಲಿ ಅವೂ ಕೆಟ್ಟಿರಬಹುದು. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ಡಿಐಎಸ್‌ಎಂನ ರಿಸ್ಟೋರ್ ಹೆಲ್ತ್, ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಓಡಿಸಿ. ಅದರ ನಂತರ ದೀಪಾವಳಿಯಿಂದ ಈಚೆಗೆ ರೆಂಡರ್ ಮಾಡಿದ ಪ್ರತಿ ವಿಡಿಯೋವನ್ನೂ ಒಮ್ಮೆ ಪೂರ್ತಿ ನೋಡಿ. ಗಿರಾಕಿಗೆ ಕೊಟ್ಟಾಗಿದ್ದರೂ ನೋಡಿ. ಹಸಿರು ಚೌಕ ಸಿಕ್ಕರೆ ಮೂಲ ಫೈಲಿನಿಂದ ಮತ್ತೆ ರೆಂಡರ್ ಮಾಡಿ ಕೊಡಿ.

ಮೂಲ ಫೈಲುಗಳನ್ನು ಕ್ಯಾಮೆರಾ ಕಾರ್ಡಿನಿಂದ ಕಾಪಿ ಮಾಡಿದ್ದೂ ಇದೇ ಕಂಪ್ಯೂಟರಿನಲ್ಲೇ ಅಲ್ವಾ? ಕಾರ್ಡಿನಲ್ಲಿರುವ ಫೈಲಿನ ಮೇಲೆ ಸರ್ಟ್‌ಯುಟಿಲ್ ಓಡಿಸಿ, ಡಿಸ್ಕಿನಲ್ಲಿರುವ ಅದೇ ಫೈಲಿನ ಮೇಲೂ ಓಡಿಸಿ, ಎರಡು ಸಂಖ್ಯೆಗಳನ್ನು ಹೋಲಿಸಿ ನೋಡಿ. ಒಂದೇ ಬಂದರೆ ಸರಿ. ಹೊಂದದಿದ್ದರೆ ಕಾರ್ಡಿನಿಂದ ಮತ್ತೆ ಕಾಪಿ ಮಾಡಿ. ಅಲ್ಲಿಯವರೆಗೆ ಸ್ಟುಡಿಯೋದಲ್ಲಿರುವ ಒಂದು ಕಾರ್ಡನ್ನೂ ಫಾರ್ಮ್ಯಾಟ್ ಮಾಡಬಾರದು ಎಂದು ಅಣ್ಣನಿಗೆ ಈಗಲೇ ಫೋನ್ ಮಾಡಿ ಹೇಳಿ.